ಗುಣದ ಬೆಡಂಗಿ ಅಕ್ಕಾದೇವಿ

ಕುಷ್ಟಗಿ, ಯಲಬುರ್ಗಾ ಸೀಮೆಗಳ ಪಡುವಲಿಗೆ ಪೂರ್ವಕಾಲದಲ್ಲಿ ಕಿಸುಕಾಡು ಎಪ್ಪತ್ತೆಂಬ ನಾಡಿದ್ದಿತು. ಇದನ್ನು ದೀರ್ಘಕಾಲ ಆಳಿದವಳು ಚಾಲುಕ್ಯ ದಶವರ್ಮನ ಮಗಳೂ ಐದನೆಯ ವಿಕ್ರಮಾದಿತ್ಯ, ಎರಡನೆಯ ಜಯಸಿಂಹರ ಸೋದರಿಯೂ ಆದ ಅಕ್ಕಾದೇವಿ. 1010ರ ಸೂಡಿಯ ಶಾಸನದಲ್ಲಿಯೇ ಈಕೆಯ ಅಧಿಕಾರವು ಕಾಣಬರುತ್ತದೆ. ಗುಣದ ಬೆಡಂಗಿಯೆಂಬುದು ಈಕೆಯ ಬಿರುದು. 1047ರಲ್ಲಿ ತಾನೇ ದಂಡೆತ್ತಿ ಹೋಗಿ ಗೋಕಾಗೆಯ, ಎಂದರೆ ಇಂದಿನ ಗೋಕಾಕದ, ಕೋಟೆಗೆ ಮುತ್ತಿಗೆ ಹಾಕಿದ್ದಳು. ರಣದಲ್ಲಿ ಭೈರವಿಯೆಂದು ಶಾಸನಕಾರರು ಕೊಂಡಾಡಿದುದು ಬರಿಯ ಹೊಗಳಿಕೆಯಲ್ಲ.

ಆದರೂ ಈಕೆಯ ಹಿರಿಮೆಯನ್ನು ಓಲಗದಲ್ಲಿ ಕಾಣುವುದೇ ಲೇಸು. ಆ ದಿನಗಳಲ್ಲಿ ನಾಡನ್ನಾಳುವವರ ಓಲಗವು ನ್ಯಾಯಪೀಠವೂ ಆಗಿದ್ದಿತಷ್ಟೆ. ಚೋಳರೊಡನೆ ನಡೆದ ಯುದ್ಧಗಳ ಹಾವಳಿಯಿಂದ ಸೂಡಿಯ ಹಳೆಯ ಕಟ್ಟುಪಾಡು ಕೆಟ್ಟುಹೋಗಿದ್ದಿತು. ಊರವರ ಹಕ್ಕೇನು, ಹೊಣೆಯೇನು ಎಂಬುದಕ್ಕೆ ಆಧಾರವೇ ತಪ್ಪಿದ ಮೇಲೆ ಪಟ್ಟಣವು ನಿಲ್ಲುವುದು ಹೇಗೆ? ಸುಮಾರು 1050ರಲ್ಲಿ ಅಕ್ಕಾದೇವಿಯು ವಿಕ್ರಮಪುರದ ನೆಲೆವೀಡಿನಲ್ಲಿ ಮಂತ್ರಿಗಳೊಡನೆ ಕುಳಿತು, ಸೂಡಿಯ ಎಂಟು ಮಂದಿ ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಆ ಕಟ್ಟುಪಾಡನ್ನು ಪುನಃ ಸ್ಥಿರಪಡಿಸಿಕೊಟ್ಟಳು. ಯುದ್ಧದಿಂದ ನೊಂದ ಊರಿಗೆ ಅದರದೇ ಮರ್ಯಾದೆಯನ್ನು ಮರಳಿಸಿದ ಈ ವಿವೇಕವು ಕೋಟೆ ಗೆಲ್ಲುವುದಕ್ಕಿಂತ ಕಠಿನವಾದುದು. ಬಸವಣ್ಣನವರ ಕಾಲಕ್ಕೆ ಇನ್ನೂ ನೂರು ವರ್ಷಗಳಿದ್ದಾಗಲೇ ಹೆಣ್ಣೊಬ್ಬಳ ನಿರ್ಣಯವು ಹೀಗೆ ಕಲ್ಲಿಗೇರಿದ್ದಿತು.

ಸೋದರಳಿಯನಾದ ಒಂದನೆಯ ಸೋಮೇಶ್ವರನ ಆಳ್ವಿಕೆಯಲ್ಲಿಯೂ ಈಕೆಯ ಅಧಿಕಾರವು ಮುಂದುವರಿಯಿತು. ಕಿಸುಕಾಡಿನೊಡನೆ ತೊರಗರೆ ಅರವತ್ತು, ಮಾಸವಾಡಿ ನೂರನಾಲ್ವತ್ತು ನಾಡುಗಳೂ ಕೈಕೆಳಗಿದ್ದುವು. ವಿಕ್ರಮಪುರದಲ್ಲಿ ಈಕೆಯ ಬಿರುದನ್ನು ಹೊತ್ತ ಜಿನಾಲಯವಿದ್ದಿತು. ಸೂಡಿಯಲ್ಲಿ ಶಿವನಿಗೇ ಅಕ್ಕೇಶ್ವರನೆಂಬ ಹೆಸರಾಯಿತು. ವಿಕ್ರಮಪುರವನ್ನು ಜನರು ಈಗ ಅರಸೀಬೀಡೆಂದು ಕರೆಯುತ್ತಾರೆ.