ಸದ್ದನ್ನು ಅಳೆದ ಸಬೀನ್

ಮಕ್ಕಳೇ, ಹೊಸದಾಗಿ ಕಟ್ಟಿದ ಮನೆಯನ್ನು ಗೃಹಪ್ರವೇಶಕ್ಕೆ ಮೊದಲು ಒಳಹೊಕ್ಕು ನೋಡಿದ್ದೀರಾ? ಅಲ್ಲಿ ಮಂಚ, ಕುರ್ಚಿ, ಪರದೆ ಯಾವುದೂ ಇರುವುದಿಲ್ಲ. ಒಂದು ಮಾತನಾಡಿದರೆ ಸಾಕು, ಕೋಣೆಯೆಲ್ಲ ಗುಂಯ್ ಎನ್ನುತ್ತದೆ. ಅದೇ ಮನೆಗೆ ಜನರು ವಾಸಕ್ಕೆ ಬಂದು, ಹಾಸಿಗೆ ಬಟ್ಟೆಗಳು ತುಂಬಿದ ಮೇಲೆ ಆ ಸದ್ದು ಅಡಗುತ್ತದೆ. ಹೀಗೇಕೆ ಆಗುತ್ತದೆ? ಈ ಪ್ರಶ್ನೆಗೆ ಅಳತೆ ಮಾಡಿ, ಲೆಕ್ಕ ಹಾಕಿ ಉತ್ತರ ಕಂಡುಹಿಡಿದವರು ವ್ಯಾಲೇಸ್ ಕ್ಲೆಮೆಂಟ್ ಸಬೀನ್.

ಸಬೀನರು 1868ನೆಯ ಇಸವಿ ಜೂನ್ 13ರಂದು ಅಮೆರಿಕ ದೇಶದ ಓಹಾಯೋ ರಾಜ್ಯದ ರಿಚ್‌ವುಡ್ ಎಂಬ ಊರಿನಲ್ಲಿ ಜನಿಸಿದರು. ಚಿಕ್ಕಂದಿನಿಂದಲೂ ಅವರು ಓದಿನಲ್ಲಿ ಬಹಳ ಚುರುಕು. ಹದಿನೆಂಟನೆಯ ವಯಸ್ಸಿಗೇ ಪದವಿ ಪಡೆದರು. ಹೆಚ್ಚಿನ ಓದಿಗಾಗಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋದರು. ಮುಂದೆ ಅಲ್ಲಿಯೇ ಭೌತಶಾಸ್ತ್ರದ ಅಧ್ಯಾಪಕರಾದರು. ಅವರು ಮಿತಭಾಷಿ. ಹೆಸರಿಗಾಗಿ ಆಸೆಪಟ್ಟವರಲ್ಲ.

1895ರಲ್ಲಿ ಹಾರ್ವರ್ಡಿನಲ್ಲಿ ಫಾಗ್ ಕಲಾ ಸಂಗ್ರಹಾಲಯ ಎಂಬ ಹೊಸ ಕಟ್ಟಡ ತೆರೆಯಿತು. ಅದರಲ್ಲಿ ಒಂದು ದೊಡ್ಡ ಉಪನ್ಯಾಸದ ಕೋಣೆ ಇತ್ತು. ನೋಡಲು ಅದು ಚೆನ್ನಾಗಿಯೇ ಇತ್ತು. ಆದರೆ ಅಲ್ಲಿ ಪಾಠ ಮಾಡಲು ನಿಂತವರ ಮಾತು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಆಡಿದ ಒಂದು ಮಾತು ಗೋಡೆಯಿಂದ ಗೋಡೆಗೆ ಬಡಿದು, ಸುಮಾರು ಐದೂವರೆ ಸೆಕೆಂಡುಗಳ ಕಾಲ ಕೋಣೆಯಲ್ಲಿಯೇ ಸುಳಿಯುತ್ತಿತ್ತು. ಅಷ್ಟರಲ್ಲಿ ಮುಂದಿನ ಎಷ್ಟೋ ಮಾತುಗಳು ಬಂದು ಅದರ ಜೊತೆ ಸೇರಿ ಕಲಸಿಹೋಗುತ್ತಿದ್ದವು. ಹೀಗೆ ಸದ್ದು ನಿಂತ ಮೇಲೂ ಅದು ಕೋಣೆಯಲ್ಲಿ ಉಳಿದು ಮೊಳಗುವುದನ್ನು ಅನುರಣನ ಎನ್ನುತ್ತಾರೆ.

ವಿಶ್ವವಿದ್ಯಾಲಯದ ಅಧ್ಯಕ್ಷರಾದ ಚಾರ್ಲ್ಸ್ ಎಲಿಯಟ್ ಅವರು ಈ ದೋಷವನ್ನು ಸರಿಪಡಿಸುವ ಕೆಲಸವನ್ನು ತರುಣ ಸಬೀನರಿಗೆ ಒಪ್ಪಿಸಿದರು. ಆ ಕಾಲದಲ್ಲಿ ಕಟ್ಟಡದೊಳಗಿನ ಸದ್ದಿನ ಬಗ್ಗೆ ಸರಿಯಾದ ಶಾಸ್ತ್ರವೇ ಇರಲಿಲ್ಲ. ಕಟ್ಟಿದ ಸಭಾಂಗಣದಲ್ಲಿ ಮಾತು ಚೆನ್ನಾಗಿ ಕೇಳಿಸಿದರೆ ಅದೃಷ್ಟ, ಕೇಳಿಸದಿದ್ದರೆ ದುರದೃಷ್ಟ ಎಂಬಂತಿತ್ತು. ಸಬೀನರು ಅದೃಷ್ಟವನ್ನು ನಂಬಿ ಕೂರಲಿಲ್ಲ. ಮೊದಲು ಅಳೆಯಬೇಕು, ಆಮೇಲೆ ಸರಿಪಡಿಸಬೇಕು ಎಂದು ನಿಶ್ಚಯಿಸಿದರು.

ಹಗಲಿನಲ್ಲಿ ಬೀದಿಯ ಗದ್ದಲ ಇರುತ್ತಿತ್ತು. ಆದ್ದರಿಂದ ಊರೆಲ್ಲ ಮಲಗಿದ ನಡುರಾತ್ರಿಯ ಹೊತ್ತಿನಲ್ಲಿ ಸಬೀನರ ಕೆಲಸ ನಡೆಯುತ್ತಿತ್ತು. ಆರ್ಗನ್ ವಾದ್ಯದ ಒಂದು ಕೊಳವೆಯನ್ನು ಗಾಳಿಯಿಂದ ನುಡಿಸಿ, ಥಟ್ಟನೆ ನಿಲ್ಲಿಸುತ್ತಿದ್ದರು. ಉಳಿದ ಸದ್ದು ಕಿವಿಗೆ ಕೇಳಿಸದಂತೆ ಅಡಗಲು ಎಷ್ಟು ಸಮಯ ಬೇಕು ಎಂದು ಅಳೆದು ಬರೆದುಕೊಳ್ಳುತ್ತಿದ್ದರು.

ಹತ್ತಿರದಲ್ಲಿಯೇ ಸ್ಯಾಂಡರ್ಸ್ ಎಂಬ ಸಭಾಂಗಣವಿತ್ತು. ಅಲ್ಲಿ ಮಾತು ಚೆನ್ನಾಗಿ ಕೇಳಿಸುತ್ತಿತ್ತು. ಅಲ್ಲಿನ ಆಸನಗಳ ಮೇಲೆ ಮೆತ್ತೆಗಳು ಇದ್ದವು. ಸಬೀನರೂ ಅವರ ಸಹಾಯಕರೂ ರಾತ್ರಿ ಆ ಮೆತ್ತೆಗಳನ್ನು ಹೊತ್ತು ತಂದು ಫಾಗ್ ಕೋಣೆಯಲ್ಲಿ ಹರಡುತ್ತಿದ್ದರು. ಒಂದಿಷ್ಟು ಮೆತ್ತೆ ಹಾಕಿ ಅಳೆಯುವುದು, ಇನ್ನಷ್ಟು ಹಾಕಿ ಮತ್ತೆ ಅಳೆಯುವುದು. ಬೆಳಗಾಗುವುದರೊಳಗೆ ಎಲ್ಲವನ್ನೂ ಹೊತ್ತು ಮೊದಲಿನ ಜಾಗದಲ್ಲಿ ಇಡುವುದು. ಮೆತ್ತೆಗಳು ಹೆಚ್ಚಿದಂತೆ ಸದ್ದು ಬೇಗ ಅಡಗಿತು. ಕೋಣೆಯ ತುಂಬ ಮೆತ್ತೆ ಇಟ್ಟಾಗ ಐದೂವರೆ ಸೆಕೆಂಡು ಉಳಿಯುತ್ತಿದ್ದ ಸದ್ದು ಒಂದು ಸೆಕೆಂಡಿಗಿಂತ ತುಸು ಹೆಚ್ಚು ಕಾಲ ಮಾತ್ರ ಉಳಿಯಿತು.

ಇದರಿಂದ ಒಂದು ಸಂಗತಿ ತಿಳಿಯಿತು. ಗಟ್ಟಿಯಾದ ನುಣುಪು ಗೋಡೆ ಸದ್ದನ್ನು ಹಿಂದಕ್ಕೆ ಕಳುಹಿಸುತ್ತದೆ. ಮೆತ್ತೆ, ಬಟ್ಟೆ, ಜಮಖಾನೆಗಳು ಸದ್ದನ್ನು ಹೀರಿಕೊಳ್ಳುತ್ತವೆ. ತೆರೆದ ಕಿಟಕಿಯಿಂದ ಹೊರಗೆ ಹೋದ ಸದ್ದು ಮರಳಿ ಬರುವುದೇ ಇಲ್ಲ. ಹಾಗಾಗಿ ತೆರೆದ ಕಿಟಕಿಯನ್ನೇ ಸಬೀನರು ಅಳತೆಗೋಲಾಗಿ ಇಟ್ಟುಕೊಂಡರು. ಯಾವ ವಸ್ತು ಎಷ್ಟು ಕಿಟಕಿಗೆ ಸಮ ಎಂದು ಲೆಕ್ಕ ಹಾಕಿದರು.

ಒಮ್ಮೆ ಅವರಿಗೆ ತಮ್ಮ ಅಳತೆಗಳಲ್ಲಿ ಸಣ್ಣ ವ್ಯತ್ಯಾಸ ಕಂಡುಬಂತು. ಕಾರಣ ಹುಡುಕಿದಾಗ ಅವರಿಗೇ ಆಶ್ಚರ್ಯವಾಯಿತು. ತಾವು ತೊಟ್ಟ ಬಟ್ಟೆಯೂ ಸದ್ದನ್ನು ಹೀರುತ್ತಿತ್ತು! ಒಂದು ದಿನ ದಪ್ಪ ಬಟ್ಟೆ, ಇನ್ನೊಂದು ದಿನ ತೆಳು ಬಟ್ಟೆ ತೊಟ್ಟಿದ್ದರಿಂದ ಲೆಕ್ಕ ಬದಲಾಗಿತ್ತು. ವ್ಯತ್ಯಾಸ ಬಹಳ ಚಿಕ್ಕದು. ಬೇರೆಯವರಿಗೆ ಅದು ತಿಳಿಯುವಂತೆಯೂ ಇರಲಿಲ್ಲ. ಆದರೂ ಸಬೀನರು ಆ ಸಾವಿರಾರು ಅಳತೆಗಳನ್ನು ಬಿಟ್ಟುಬಿಟ್ಟರು. ಆಮೇಲೆ ಪ್ರತಿ ಪ್ರಯೋಗಕ್ಕೂ ಒಂದೇ ಬಗೆಯ ಉಡುಪು ಧರಿಸಿ, ಮೊದಲಿನಿಂದ ಅಳೆಯಲು ತೊಡಗಿದರು. ತಪ್ಪೆಂದು ತಿಳಿದ ಮೇಲೆ ಅದನ್ನು ಉಳಿಸಿಕೊಳ್ಳಲು ಅವರ ಮನಸ್ಸು ಒಪ್ಪಲಿಲ್ಲ.

1898ರಲ್ಲಿ ಬಾಸ್ಟನ್ ನಗರದಲ್ಲಿ ದೊಡ್ಡದೊಂದು ಸಂಗೀತ ಸಭಾಂಗಣ ಕಟ್ಟುವ ಸಿದ್ಧತೆ ನಡೆದಿತ್ತು. ಅದಕ್ಕೆ ಸಲಹೆ ಕೊಡಬೇಕೆಂದು ಸಬೀನರನ್ನು ಕೇಳಿದರು. ಅವರು ಮೊದಲು ಹಿಂಜರಿದರು. ಬಹಳ ಹಣ ಸುರಿದು ಕಟ್ಟುವ ಸಭಾಂಗಣ ತಮ್ಮ ತಪ್ಪಿನಿಂದ ಕೆಟ್ಟರೆ ಏನು ಗತಿ? ಅವರು ಮತ್ತೆ ತಮ್ಮ ಅಳತೆಗಳ ಮುಂದೆ ಕುಳಿತು ಯೋಚಿಸಿದರು. ಆಗ ಅವುಗಳ ನಡುವಿನ ನಿಯಮ ಹೊಳೆಯಿತು. ಕೋಣೆ ದೊಡ್ಡದಾದಷ್ಟೂ ಸದ್ದು ಹೆಚ್ಚು ಕಾಲ ಉಳಿಯುತ್ತದೆ. ಹೀರುವ ವಸ್ತು ಹೆಚ್ಚಾದಷ್ಟೂ ಬೇಗ ಅಡಗುತ್ತದೆ. ಈಗ ಕಟ್ಟಡ ಏಳುವ ಮೊದಲೇ ಅಲ್ಲಿ ಸದ್ದು ಹೇಗಿರುತ್ತದೆ ಎಂದು ಹೇಳಲು ಸಾಧ್ಯವಾಯಿತು! ಸಬೀನರು ಧೈರ್ಯದಿಂದ ಆ ಹೊಣೆಯನ್ನು ಹೊತ್ತರು.

ಬಾಸ್ಟನ್ ಸಿಂಫನಿ ಹಾಲ್ 1900ನೆಯ ಇಸವಿ ಅಕ್ಟೋಬರ್ 15ರಂದು ತೆರೆಯಿತು. ಆರಂಭದಲ್ಲಿ ಕೆಲವರು ಅದರಲ್ಲಿ ಕುಂದು ಹುಡುಕಿದರು. ಆದರೆ ವರ್ಷಗಳು ಕಳೆದಂತೆ ಸಂಗೀತಗಾರರು ಅದನ್ನು ಮೆಚ್ಚಿಕೊಂಡರು. ಜಗತ್ತಿನ ಅತ್ಯುತ್ತಮ ಸಂಗೀತ ಸಭಾಂಗಣಗಳಲ್ಲಿ ಅದೂ ಒಂದೆಂದು ಇಂದಿಗೂ ಹೆಸರಾಗಿದೆ. ಫಾಗ್ ಕೋಣೆಯ ಗೋಡೆಗಳಿಗೂ ಸಬೀನರು ದಪ್ಪ ಉಣ್ಣೆಯಂಥ ಹೊದಿಕೆ ಹಾಕಿಸಿ, ಪಾಠ ಕೇಳಿಸುವಂತೆ ಮಾಡಿದರು.

ಮೊದಲ ಮಹಾಯುದ್ಧದ ಕಾಲದಲ್ಲಿ ಆರೋಗ್ಯ ಸರಿಯಿಲ್ಲದಿದ್ದರೂ ಸಬೀನರು ಬಿಡುವಿಲ್ಲದೆ ದುಡಿದರು. 1919ನೆಯ ಇಸವಿ ಜನವರಿ 10ರಂದು, ಐವತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ವಸ್ತುಗಳು ಸದ್ದನ್ನು ಹೀರುವ ಅಳತೆಗೆ ಸಬಿನ್ ಎಂದು ಅವರ ಹೆಸರನ್ನೇ ಇಟ್ಟಿದ್ದಾರೆ.

ಸಬೀನರು ಕಂಡ ನಿಯಮ ದೊಡ್ಡ ಸಭಾಂಗಣಕ್ಕೆ ಮಾತ್ರವಲ್ಲ, ನಮ್ಮ ಮನೆಗೂ ಸಲ್ಲುತ್ತದೆ. ಬೆಲೆಬಾಳುವ ಸ್ಪೀಕರ್ ತಂದರೂ, ಬರಿಗೋಡೆಯ ಕೋಣೆಯಲ್ಲಿ ಹಾಡು ಕಲಸಿದಂತೆ ಕೇಳಿಸುತ್ತದೆ. ಪರದೆ, ಜಮಖಾನೆ ಹಾಕಿದರೆ ತಿಳಿಯಾಗುತ್ತದೆ. ಸ್ಪೀಕರನ್ನು ಇಡುವ ಜಾಗವೂ ಮುಖ್ಯ. ಮೂಲೆಗೆ ಒತ್ತಿ ಇಟ್ಟರೆ ಸುತ್ತಲಿನ ಗೋಡೆಗಳಿಂದಾಗಿ ದಪ್ಪ ಸ್ವರಗಳು ಅತಿಯಾಗಿ ಮೊಳಗುತ್ತವೆ. ಎರಡು ಸ್ಪೀಕರುಗಳಿದ್ದರೆ, ಕೇಳುವವರಿಗೆ ಎರಡೂ ಸಮಾನ ದೂರದಲ್ಲಿರಬೇಕು. ಹಾಡುವವರಷ್ಟೇ ಅಲ್ಲ, ಕೋಣೆಯೂ ಹಾಡಿನಲ್ಲಿ ಪಾಲುಗೊಳ್ಳುತ್ತದೆ. ಇದನ್ನು ನಮಗೆ ತಿಳಿಸಿದ್ದು ಒಬ್ಬ ಅಧ್ಯಾಪಕರ ತಾಳ್ಮೆ ಮತ್ತು ಪ್ರಾಮಾಣಿಕತೆ.

ಅಭ್ಯಾಸ

1. ಫಾಗ್ ಕೋಣೆಯಲ್ಲಿ ಮಾತು ಏಕೆ ಅರ್ಥವಾಗುತ್ತಿರಲಿಲ್ಲ?
2. ಸಬೀನರು ರಾತ್ರಿಯ ಹೊತ್ತಿನಲ್ಲಿ ಪ್ರಯೋಗ ಮಾಡುತ್ತಿದ್ದುದೇಕೆ?
3. ಸಾವಿರಾರು ಅಳತೆಗಳನ್ನು ಅವರು ಬಿಟ್ಟುಬಿಟ್ಟದ್ದು ಸರಿಯೇ? ನಿಮ್ಮ ಮಾತಿನಲ್ಲಿ ಬರೆಯಿರಿ.

ಮಾಡಿ ನೋಡಿ: ಮನೆಯ ರೇಡಿಯೋವನ್ನು ಮೊದಲು ಕೋಣೆಯ ಮೂಲೆಯಲ್ಲಿ, ಆಮೇಲೆ ಗೋಡೆಯಿಂದ ದೂರ ಇಟ್ಟು ಕೇಳಿರಿ. ಸದ್ದಿನಲ್ಲಿ ಕಂಡ ವ್ಯತ್ಯಾಸವನ್ನು ತರಗತಿಯಲ್ಲಿ ಹೇಳಿರಿ.