ಕ್ರಿಶ್ಚಿಯನ್ ಡಾಪ್ಲರ್: ಓಡುವ ಧ್ವನಿಯ ಲೆಕ್ಕ ಬರೆದವನು

ಮಾಟುಂಗಾ ನಿಲ್ದಾಣದಲ್ಲಿ ಲೋಕಲ್ ಗಾಡಿಗಾಗಿ ಕಾದು ನಿಲ್ಲುವ ನಮ್ಮವರಿಗೆ ಚಿರಪರಿಚಿತವಾದ ಅನುಭವವೊಂದುಂಟು. ಅಲ್ಲಿ ನಿಲ್ಲದ ವೇಗದ ಗಾಡಿಯು ಕೂಗುತ್ತ ಸಮೀಪಿಸುವಾಗ ಆ ಕೂಗು ಏರಿದ ಸ್ವರದಲ್ಲಿ ಕಿವಿಗೆ ತಾಗುತ್ತದೆ. ಗಾಡಿಯು ನಮ್ಮನ್ನು ದಾಟಿದೊಡನೆಯೇ ಸ್ವರವು ಇಳಿದುಬಿಡುತ್ತದೆ. ಚಾಲಕನು ಕೂಗನ್ನು ಬದಲಿಸಿರುವುದಿಲ್ಲ. ಅವನ ಕಿವಿಗೆ ಅದು ಒಂದೇ ಸಮನಾಗಿರುತ್ತದೆ. ಈ ವಿಚಿತ್ರಕ್ಕೆ ಗಣಿತದ ರೂಪವನ್ನು ಮೊದಲು ಕೊಟ್ಟವನು ಕ್ರಿಶ್ಚಿಯನ್ ಡಾಪ್ಲರ್. ಅವನು ಬದುಕಿದ್ದಾಗ ರೇಡಿಯೋ ಎಂಬುದೇ ಹುಟ್ಟಿರಲಿಲ್ಲ. ಆದರೂ ಮನೆಯ ಮಾಳಿಗೆಯ ಮೇಲೆ ಆಂಟೆನಾ ನಿಲ್ಲಿಸಿ ಕೃತಕ ಉಪಗ್ರಹಗಳ ಮೂಲಕ ಮಾತನಾಡುವ ಹವ್ಯಾಸಿ ರೇಡಿಯೋಗಾರರು, ಎಂದರೆ ‘ಹ್ಯಾಮ್’ಗಳು, ಅವನ ಲೆಕ್ಕವಿಲ್ಲದೆ ಒಂದು ಹೆಜ್ಜೆಯನ್ನೂ ಇಡಲಾರರು.

ಡಾಪ್ಲರನು 1803ನೆಯ ಇಸವಿ ನವೆಂಬರ್ 29ರಂದು ಸಾಲ್ಜ್‌ಬರ್ಗ್ ಪಟ್ಟಣದಲ್ಲಿ ಜನಿಸಿದನು. ಅವರದು ತಲೆತಲಾಂತರದಿಂದ ಕಲ್ಲುಕುಟಿಗರ ಮನೆತನ. ಹುಡುಗನ ಮೈಯಲ್ಲಿ ಉಳಿ ಸುತ್ತಿಗೆಗಳಿಗೆ ಬೇಕಾದ ಕಸುವಿರಲಿಲ್ಲವಾದ್ದರಿಂದ ಅವನನ್ನು ಓದಿಗೆ ಹಚ್ಚಿದರು. ಗಣಿತದಲ್ಲಿ ಅವನ ಬುದ್ಧಿ ಎಷ್ಟು ಚುರುಕಾಗಿತ್ತೆಂದರೆ, ಊರಿನ ವಿದ್ವಾಂಸನಾದ ಸ್ಟಾಂಫರನ ಸಲಹೆಯಂತೆ 1822ರಲ್ಲಿ ವಿಯೆನ್ನಾದ ಪಾಲಿಟೆಕ್ನಿಕ್ ಸಂಸ್ಥೆಗೆ ಹೋದನು. ಮುಂದೆ ಅಲ್ಲಿಯೇ ನಾಲ್ಕು ವರುಷಗಳ ಕಾಲ ಪ್ರಾಧ್ಯಾಪಕನೊಬ್ಬನಿಗೆ ಸಹಾಯಕನಾಗಿದ್ದನು. ಅದು ಅವಧಿಯ ಕೆಲಸ. ಅವಧಿ ತೀರಿತು, ಕೆಲಸವೂ ತೀರಿತು.

ಅನಂತರದ ಕಾಲವನ್ನು ನಮ್ಮ ವಾಚಕರು ಚೆನ್ನಾಗಿ ಅರ್ಥಮಾಡಿಕೊಳ್ಳಬಲ್ಲರು. ಅರ್ಜಿಯ ಮೇಲೆ ಅರ್ಜಿ, ಪರೀಕ್ಷೆಯ ಮೇಲೆ ಪರೀಕ್ಷೆ, ಉತ್ತರಕ್ಕಾಗಿ ತಿಂಗಳುಗಟ್ಟಲೆ ಕಾಯುವಿಕೆ. ಮೂವತ್ತರ ಪ್ರಾಯ ಸಮೀಪಿಸಿದ ಈ ಗಣಿತಜ್ಞನು ಹೊಟ್ಟೆಪಾಡಿಗಾಗಿ ಹತ್ತಿಯ ನೂಲಿನ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತನಾಗಿ ಸುಮಾರು ಹದಿನೆಂಟು ತಿಂಗಳು ದುಡಿದನು. ಕಡೆಗೆ ಬೇಸತ್ತು, 1835ರಲ್ಲಿ ತನ್ನ ಸಾಮಾನು ಸರಂಜಾಮುಗಳನ್ನು ಮಾರಿ, ಅಮೆರಿಕಕ್ಕೆ ವಲಸೆ ಹೋಗಲು ನಿಶ್ಚಯಿಸಿ, ಅಲ್ಲಿನ ರಾಯಭಾರ ಕಚೇರಿಯನ್ನು ಕಾಣಲು ಮ್ಯೂನಿಕ್ ಪಟ್ಟಣದವರೆಗೂ ಹೋದನು. ಅಷ್ಟರಲ್ಲಿ ಪ್ರಾಗ್ ನಗರದ ಶಾಲೆಯೊಂದರಿಂದ ಶಿಕ್ಷಕನ ಹುದ್ದೆಗೆ ಕರೆ ಬಂದಿತು. ಊರು ಬಿಡುವುದೇನೋ ತಪ್ಪಲಿಲ್ಲ. ಸಮುದ್ರ ದಾಟುವುದು ಮಾತ್ರ ತಪ್ಪಿತು. ಮರುವರ್ಷ ಸಾಲ್ಜ್‌ಬರ್ಗಿನ ಅಕ್ಕಸಾಲಿಗನೊಬ್ಬನ ಮಗಳಾದ ಮಥಿಲ್ಡೆಯನ್ನು ವರಿಸಿದನು.

1842ನೆಯ ಇಸವಿ ಮೇ 25ರಂದು ಪ್ರಾಗ್ ನಗರದ ವಿದ್ವತ್ಸಭೆಯಲ್ಲಿ ಡಾಪ್ಲರನು ಜೋಡಿ ನಕ್ಷತ್ರಗಳ ಬಣ್ಣವನ್ನು ಕುರಿತ ತನ್ನ ಪ್ರಬಂಧವನ್ನು ಓದಿದನು. ಕೇಳಲು ಬಂದವರು ಬೆರಳೆಣಿಕೆಯ ಜನ. ಅವನ ವಾದದ ತಿರುಳು ಇಷ್ಟೆ. ಹೋಟೆಲಿನ ಭಟ್ಟರು ನಿಮಿಷಕ್ಕೊಬ್ಬ ಮಾಣಿಯನ್ನು ನಮ್ಮ ಮೇಜಿಗೆ ಅಟ್ಟುತ್ತಾರೆನ್ನೋಣ. ಭಟ್ಟರು ನಿಂತಲ್ಲಿಯೇ ಇದ್ದರೆ ಮಾಣಿಗಳು ನಿಮಿಷಕ್ಕೊಬ್ಬರಂತೆಯೇ ಬಂದು ಮುಟ್ಟುವರು. ಭಟ್ಟರೇ ನಮ್ಮತ್ತ ನಡೆಯುತ್ತ ಮಾಣಿಗಳನ್ನು ಅಟ್ಟಿದರೆ, ಹಿಂದಿನವನಿಗಿಂತ ಮುಂದಿನವನಿಗೆ ದಾರಿ ಕಡಿಮೆ; ಆದುದರಿಂದ ಅವರು ಒತ್ತೊತ್ತಾಗಿ ಬರುವರು. ಭಟ್ಟರು ದೂರ ಸರಿಯತೊಡಗಿದರೆ ವಿರಳವಾಗಿ ಬರುವರು. ಧ್ವನಿಯ ಅಲೆಗಳೂ ಬೆಳಕಿನ ಅಲೆಗಳೂ ಹೀಗೆಯೇ ಎಂಬುದು ಡಾಪ್ಲರನ ಸಿದ್ಧಾಂತ. ಸೆಕೆಂಡಿಗೆ ಎಷ್ಟು ಅಲೆಗಳು ಬಂದು ಮುಟ್ಟುತ್ತವೆಯೆಂಬ ಕಂಪನಸಂಖ್ಯೆಯು ಚಲನೆಯಿಂದ ಬದಲಾಗುತ್ತದೆ.

ಸಿದ್ಧಾಂತವು ಸರಿಯಾಗಿತ್ತು, ಅದಕ್ಕೆ ಅವನು ಕೊಟ್ಟ ಉದಾಹರಣೆ ತಪ್ಪಾಗಿತ್ತು. ನಕ್ಷತ್ರಗಳ ಕೆಂಪು ನೀಲಿ ಬಣ್ಣಗಳೆಲ್ಲ ಅವುಗಳ ಓಟದಿಂದಲೇ ಉಂಟಾದವೆಂದು ಅವನು ನಂಬಿದ್ದನು. ಕಣ್ಣಿಗೆ ಕಾಣುವಷ್ಟು ಬಣ್ಣ ಬದಲಾಗಲು ಬೇಕಾದ ವೇಗ ಆ ನಕ್ಷತ್ರಗಳಿಗಿಲ್ಲ. ಬಣ್ಣಕ್ಕೆ ಕಾರಣ ಅವುಗಳ ಶಾಖ. ಈ ತಪ್ಪನ್ನು ಮುಚ್ಚಿಡುವುದರಿಂದ ಡಾಪ್ಲರನ ಹಿರಿಮೆಯೇನೂ ಹೆಚ್ಚಲಾರದೆಂದು ನಾವು ಭಾವಿಸುತ್ತೇವೆ.

1845ರಲ್ಲಿ ಹಾಲೆಂಡಿನ ಯೂಟ್ರೆಕ್ಟ್ ಪಟ್ಟಣದ ಬಾಯ್ಸ್ ಬಾಲೊಟ್ ಎಂಬ ತರುಣ ವಿಜ್ಞಾನಿಯು ಇದನ್ನು ಪರೀಕ್ಷಿಸಲು ರೈಲುಗಾಡಿಯನ್ನೇ ಪಡೆದನು. ಬಂಡಿಯ ಮೇಲೆ ಕಹಳೆಯವರು; ಹಳಿಯ ಪಕ್ಕದಲ್ಲಿ ಸ್ವರಜ್ಞಾನವುಳ್ಳ ಸಂಗೀತಗಾರರು. ಫೆಬ್ರವರಿಯಲ್ಲಿ ಹಿಮ ಸುರಿದು ಕೆಲಸ ಕೆಟ್ಟಿತು. ಜೂನ್ ತಿಂಗಳಲ್ಲಿ ಮತ್ತೆ ನಡೆಸಿದಾಗ ಗಾಡಿ ಬರುವಾಗ ಸ್ವರವು ಏರಿಯೂ ಹೋಗುವಾಗ ಇಳಿದೂ ಕೇಳಿಸಿತು. ಆ ದಿನ ಕಹಳೆಯವರೆಲ್ಲರೂ ಒಂದೇ ಸ್ವರವನ್ನು ಬಿಗಿಯಾಗಿ ಹಿಡಿದು ಊದಬೇಕಾಗಿತ್ತು. ಊದುವವನ ಸ್ವರ ಜಾರಿದರೆ, ಜಾರಿದ್ದು ಗಾಡಿಯ ಓಟದಿಂದಲೋ ಅವನ ಉಸಿರಿನ ದೋಷದಿಂದಲೋ ತಿಳಿಯುವುದು ಹೇಗೆ? ಈ ಪ್ರಶ್ನೆ ಮುಂದೆ ಮತ್ತೆ ಬರುತ್ತದೆ.

ಪ್ರಾಗ್ ನಗರದಲ್ಲಿ ನೂರಾರು ವಿದ್ಯಾರ್ಥಿಗಳನ್ನು ಒಬ್ಬನೇ ಪರೀಕ್ಷಿಸಬೇಕಾದ ಶ್ರಮದಿಂದ ಡಾಪ್ಲರನ ಆರೋಗ್ಯ ಕುಸಿಯಿತು. 1847ರಲ್ಲಿ ಶೆಮ್ನಿಟ್ಜ್ ಎಂಬ ಗಣಿಯ ಊರಿಗೆ ಹೋದರೆ ಮರುವರ್ಷವೇ ಅಲ್ಲಿ ಕ್ರಾಂತಿಯ ಗಲಭೆ. ಮತ್ತೆ ಗಂಟುಮೂಟೆ ಕಟ್ಟಿ ವಿಯೆನ್ನಾಕ್ಕೆ ಬಂದನು. 1850ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದ ಹೊಸ ಭೌತಶಾಸ್ತ್ರ ಸಂಸ್ಥೆಗೆ ಅವನನ್ನು ಮೊದಲ ನಿರ್ದೇಶಕನನ್ನಾಗಿ ಚಕ್ರವರ್ತಿಯೇ ನೇಮಿಸಿದನು. ಬಟಾಣಿ ಗಿಡಗಳಿಂದ ಆನುವಂಶಿಕತೆಯ ನಿಯಮಗಳನ್ನು ಕಂಡುಹಿಡಿದ ಮೆಂಡಲನು ಅಲ್ಲಿ ಅವನ ಪಾಠಗಳನ್ನು ಕೇಳಿದವರಲ್ಲೊಬ್ಬ.

ಈ ನೆಮ್ಮದಿಯೂ ನಿಲ್ಲಲಿಲ್ಲ. 1852ರಲ್ಲಿ ಪೆಟ್ಜ್‌ವಾಲ್ ಎಂಬ ಪ್ರಸಿದ್ಧ ಗಣಿತಜ್ಞನು ವಿಜ್ಞಾನ ಅಕಾಡೆಮಿಯಲ್ಲಿ ಈ ಸಿದ್ಧಾಂತವನ್ನು ಬಲವಾಗಿ ಖಂಡಿಸಿದನು. ಇಷ್ಟು ಸರಳವಾದ ಸೂತ್ರದಿಂದ ದೊಡ್ಡ ಸತ್ಯ ಹೊರಡಲಾರದೆಂಬುದು ಅವನ ತಾತ್ಸಾರ. ಕಹಳೆಯ ಪ್ರಯೋಗ ನಡೆದು ಏಳು ವರುಷಗಳಾಗಿದ್ದರೂ ಈ ಮಾತು! ಡಾಪ್ಲರನ ಶ್ವಾಸಕೋಶಗಳು ಅಷ್ಟು ಹೊತ್ತಿಗೆ ಕ್ಷೀಣಿಸಿದ್ದವು. ಆ ವರ್ಷದ ನವೆಂಬರಿನಲ್ಲಿ ಬೆಚ್ಚನೆಯ ಹವೆಯನ್ನರಸಿ ವೆನಿಸ್ ನಗರಕ್ಕೆ ಹೋದನು. 1853ನೆಯ ಇಸವಿ ಮಾರ್ಚ್ 17ರಂದು ಅಲ್ಲಿಯೇ ತೀರಿಕೊಂಡನು. ಆಗ ಅವನಿಗೆ 49 ವರುಷ. 1868ರಲ್ಲಿ ಇಂಗ್ಲೆಂಡಿನ ಹಗ್ಗಿನ್ಸನು ನಕ್ಷತ್ರದ ಬೆಳಕಿನ ಪಟ್ಟಿಯಲ್ಲಿನ ಗೆರೆಗಳ ಸರಿತವನ್ನು ಅಳೆದು ಲುಬ್ಧಕ ನಕ್ಷತ್ರದ ವೇಗವನ್ನು ಲೆಕ್ಕಹಾಕಿದುದನ್ನು ನೋಡಲು ಅವನಿರಲಿಲ್ಲ.

1957ರ ಅಕ್ಟೋಬರ್ 4ರಂದು ರಷ್ಯದವರು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದಾಗ ಅದರ ಬೀಪ್ ಬೀಪ್ ಸದ್ದನ್ನು ದೇಶದೇಶಗಳ ಹವ್ಯಾಸಿಗಳು ಕೇಳಿದರು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಪ್ರಯೋಗಾಲಯದ ಗಯರ್ ಮತ್ತು ವೈಫೆನ್‌ಬಾಕ್ ಎಂಬ ಇಬ್ಬರು ತರುಣರು ಆ ಸದ್ದಿನ ಏರಿಳಿತದಿಂದಲೇ ಉಪಗ್ರಹದ ಪಥವನ್ನು ಗುಣಿಸಿ ತೆಗೆದರು. ಸುಮಾರು 20 ಮೆಗಾಹರ್ಟ್ಸ್ ಕಂಪನಸಂಖ್ಯೆಯಲ್ಲಿ ಏರಿಳಿತವು ಅತ್ತಿತ್ತ ಕೇವಲ 500 ಹರ್ಟ್ಸ್. ಇಷ್ಟು ಸಣ್ಣದನ್ನು ಅಳೆಯಲು ಅವರಿಗೆ ಒದಗಿದುದು ಸಮೀಪದ ಸರಕಾರಿ ಕೇಂದ್ರದ ನಿಶ್ಚಲವಾದ 20 ಮೆಗಾಹರ್ಟ್ಸ್ ಅಲೆ. ಅದರೊಡನೆ ಹೋಲಿಸಿ ನೋಡಿದರು.

ನಮ್ಮ ದೇಶದ ಹವ್ಯಾಸಿಗಳಿಗಾಗಿ ಬೆಂಗಳೂರಿನಲ್ಲಿ ಇಸ್ರೋ ನಿರ್ಮಿಸಿದ 42.5 ಕಿಲೋ ತೂಕದ ಹ್ಯಾಮ್‌ಸ್ಯಾಟ್ ಉಪಗ್ರಹವು 2005ರ ಮೇ 5ರಂದು ಶ್ರೀಹರಿಕೋಟೆಯಿಂದ ಏರಿ 2014ರವರೆಗೆ ಕೆಲಸ ಮಾಡಿತು. ಅದರೊಳಗಿನ ಎರಡು ಯಂತ್ರಗಳಲ್ಲಿ ಒಂದನ್ನು ರಚಿಸಿದವನು ಹಾಲೆಂಡಿನ ವಿದ್ಯಾರ್ಥಿ. ಕಹಳೆಯ ಪ್ರಯೋಗವೂ ಅದೇ ನಾಡಿನದೆಂಬುದು ಸೊಗಸಾದ ಕಾಕತಾಳೀಯ. ಸೆಕೆಂಡಿಗೆ ಸುಮಾರು ಏಳೂವರೆ ಕಿಲೋಮೀಟರ್ ಓಡುವ ಇಂಥ ಉಪಗ್ರಹದ 145 ಮೆಗಾಹರ್ಟ್ಸ್ ಅಲೆಯು ದಿಗಂತದಲ್ಲಿ ಮೂಡುವಾಗ ಮೂರು ಸಾವಿರ ಹರ್ಟ್ಸಿಗೂ ಮಿಕ್ಕಿ ಏರಿ, ಮುಳುಗುವಾಗ ಅಷ್ಟೇ ಇಳಿದಿರುತ್ತದೆ. ಕೇಳುಗನು ಹತ್ತು ಹದಿನೈದು ನಿಮಿಷಗಳ ಕಾಲ ಗುಂಡಿಯನ್ನು ತಿರುಗಿಸುತ್ತಲೇ ಇರಬೇಕು. ಅದೇ ವೇಳೆಗೆ ಅವನ ರೇಡಿಯೋದ ಸ್ಫಟಿಕವೂ ಕಾದು ಜಾರಿದರೆ, ಸರಿದುದು ಆಕಾಶದಲ್ಲಿಯೋ ಮೇಜಿನ ಮೇಲೆಯೋ ತಿಳಿಯದು.

ಭೂಮಿಯೊಡನೆ ಹೆಜ್ಜೆಯಿಟ್ಟು ಒಂದೇ ಕಡೆ ನಿಂತಂತಿರುವ ಉಪಗ್ರಹದಲ್ಲಿ ಡಾಪ್ಲರನ ಕಾಟ ಇಲ್ಲವೆನ್ನುವಷ್ಟು ಕಡಿಮೆ. 2018ರಲ್ಲಿ ಕತಾರ್ ದೇಶವು ಹಾರಿಸಿದ ಉಪಗ್ರಹದಲ್ಲಿ ಹವ್ಯಾಸಿಗಳಿಗೆ ದೊರೆತುದು ಅಂಥ ಸ್ಥಾನ. ಅಲ್ಲಿಂದ ಬರುವ ಅಲೆ 10,489 ಮೆಗಾಹರ್ಟ್ಸ್. ಟಿ.ವಿ. ಡಿಶ್ಶಿನ ಮೂತಿಯಲ್ಲಿರುವ ಅಗ್ಗದ ಸ್ಫಟಿಕವು ಬಿಸಿಲಿಗೆ ಹತ್ತು ಲಕ್ಷಕ್ಕೆ ಒಂದು ಪಾಲು ಜಾರಿದರೂ ಕೇಳುಗನ ಲೆಕ್ಕ ಸುಮಾರು ಹತ್ತು ಸಾವಿರ ಹರ್ಟ್ಸ್ ತಪ್ಪುತ್ತದೆ. ಒಬ್ಬನ ಮಾತಿಗೆ ಬೇಕಾದ ಜಾಗವು ಮೂರು ಸಾವಿರಕ್ಕಿಂತಲೂ ಕಡಿಮೆ. ಆದುದರಿಂದ ಅನೇಕರು ತಮ್ಮ ಸ್ಫಟಿಕವನ್ನು ಜಿಪಿಎಸ್ ಉಪಗ್ರಹಗಳ ಪರಮಾಣು ಗಡಿಯಾರಕ್ಕೆ ಕಟ್ಟಿಹಾಕುತ್ತಾರೆ. ಆ ಜಿಪಿಎಸ್ ಉಪಗ್ರಹಗಳೂ ಓಡುತ್ತಿರುವವೇ. ಅವುಗಳ ಓಟದ ಲೆಕ್ಕವನ್ನು ಮೊದಲು ಕಳೆದು, ಅನಂತರವೇ ಪೆಟ್ಟಿಗೆಯು ತನ್ನ ಕಂಪನವನ್ನು ಸರಿಪಡಿಸಿಕೊಳ್ಳುತ್ತದೆ.