ಫುಟ್‌ಪಾತ್ ಇಳಿಸಿದ ಎಡ್ ರಾಬರ್ಟ್ಸ್

ಎಡ್ ರಾಬರ್ಟ್ಸ್ ಎಂಬ ಹೆಸರನ್ನು ನಾನು ಓದಿದ ಯಾವ ಪಠ್ಯಪುಸ್ತಕದಲ್ಲೂ ಕಂಡಿರಲಿಲ್ಲ. ಅವರು ಹುಟ್ಟಿದ್ದು 1939ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಹದಿನಾಲ್ಕನೇ ವಯಸ್ಸಿಗೆ ಪೋಲಿಯೊ ಬಂತು. ಲಸಿಕೆ ಬಂದದ್ದು ಅದಾದ ಎರಡು ವರ್ಷಕ್ಕೆ! ಎಡಗೈಯ ಎರಡು ಬೆರಳು, ಕಾಲಿನ ಕೆಲವು ಬೆರಳು ಬಿಟ್ಟರೆ ಕುತ್ತಿಗೆಯ ಕೆಳಗೆ ಏನೂ ಅಲ್ಲಾಡುತ್ತಿರಲಿಲ್ಲ. ಉಸಿರಾಡಲು ಪೀಪಾಯಿಯಂಥ ಕಬ್ಬಿಣದ ಯಂತ್ರದೊಳಗೆ ಮಲಗಬೇಕಿತ್ತು.

ಹೈಸ್ಕೂಲ್ ಪಾಠವನ್ನು ಬಹುಪಾಲು ಮನೆಯಲ್ಲೇ ಟೆಲಿಫೋನ್ ಮೂಲಕ ಕೇಳಿ ಮುಗಿಸಿದರು. ಆದರೆ ಶಾಲೆಯವರು ಸರ್ಟಿಫಿಕೇಟ್ ಕೊಡಲು ಒಪ್ಪಲಿಲ್ಲ. ಕಾರಣ ಕೇಳಿದರೆ ನಗುತ್ತೀರಿ: ಅವರು ವ್ಯಾಯಾಮದ ತರಗತಿಯನ್ನೂ ಕಾರು ಓಡಿಸುವ ತರಬೇತಿಯನ್ನೂ ಮುಗಿಸಿರಲಿಲ್ಲವಂತೆ. ತಾಯಿ ಜೋನಾ ಹೋರಾಡಿ ಅದನ್ನು ಕೊಡಿಸಿದರು. ಇದನ್ನು ಉರ್ದುವಿನಲ್ಲಿ ಅಮ್ಮಿಗೆ ಹೇಳಿದೆ. ಅವರು ಮೊದಲು ನಕ್ಕರು, ಆಮೇಲೆ ಮಗನಿಗಿಂತ ಆ ತಾಯಿಯ ಬಗ್ಗೆಯೇ ಹೆಚ್ಚು ಕೇಳಿದರು.

ಅಂಗವಿಕಲರಿಗೆ ಉದ್ಯೋಗದ ದಾರಿ ಮಾಡಿಕೊಡುವ ಸರ್ಕಾರಿ ಇಲಾಖೆಯೊಂದು ಅಲ್ಲಿತ್ತು. ರಾಬರ್ಟ್ಸ್ ಎಂದೂ ದುಡಿಯಲಾರರು ಎಂದು ಅದು ಮೊದಲು ಓದಿಗೆ ಹಣ ನಿರಾಕರಿಸಿತು. ಅಕೌಂಟೆನ್ಸಿಯಲ್ಲಿ ವಸೂಲಾಗದ ಸಾಲವನ್ನು ನಷ್ಟಕ್ಕೆ ಬರೆದು ಕೈತೊಳೆದುಕೊಳ್ಳುತ್ತೇವಲ್ಲ, ಹಾಗೆ. ಆದರೂ 1962ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯ ಸೇರಿದರು. ಹಾಸ್ಟೆಲಿನ ನೆಲ ಸುಮಾರು 360 ಕಿಲೋ ತೂಕದ ಆ ಯಂತ್ರವನ್ನು ತಾಳುವಂತಿರಲಿಲ್ಲ. ಹಾಗಾಗಿ ಕ್ಯಾಂಪಸ್ಸಿನ ಆಸ್ಪತ್ರೆಯ ಒಂದು ಭಾಗವೇ ಅವರ ಹಾಸ್ಟೆಲ್ ಆಯಿತು. ಮುಂದೆ ಅಲ್ಲಿಗೆ ಇನ್ನಷ್ಟು ಗಾಲಿಕುರ್ಚಿಯ ವಿದ್ಯಾರ್ಥಿಗಳು ಬಂದರು. ತಮ್ಮ ಗುಂಪಿಗೆ 'ರೋಲಿಂಗ್ ಕ್ವಾಡ್ಸ್' ಎಂದು ಹೆಸರಿಟ್ಟುಕೊಂಡರು.

ಓದು ಸಾಗಿತು, ಆದರೆ ಗೇಟಿನ ಹೊರಗೆ ಫುಟ್‌ಪಾತ್ ಅಡ್ಡ ನಿಂತಿತ್ತು. ನಡೆಯುವವರಿಗೆ ಅದು ಲೆಕ್ಕಕ್ಕೇ ಇಲ್ಲ. ನನ್ನ ಖಾಲಾ ಗಾಲಿಕುರ್ಚಿಯಲ್ಲಿ ಓಡಾಡುತ್ತಾರೆ, ತಳ್ಳುವವಳು ನಾನು. ನಮ್ಮ ಮೊಹಲ್ಲಾದ ಫುಟ್‌ಪಾತ್ ಒಂದು ಗೇಣು ಎತ್ತರ ಇದೆ, ಹತ್ತಲು ಎಲ್ಲೂ ಇಳಿಜಾರಿಲ್ಲ. ಹಾಗಾಗಿ ಬಸ್ಸು, ಆಟೋಗಳ ನಡುವೆ ರಸ್ತೆಯಲ್ಲೇ ಹೋಗುತ್ತೇವೆ.

ಬರ್ಕ್ಲಿಯ ಗೆಳೆಯರು ನಗರಸಭೆಯನ್ನು ಬಿಡಲಿಲ್ಲ. 1971ರಲ್ಲಿ ಅದು ವ್ಯಾಪಾರ ಪ್ರದೇಶದ ಬೀದಿ, ಫುಟ್‌ಪಾತ್‌ಗಳನ್ನು ಅಂಗವಿಕಲರೂ ಓಡಾಡುವಂತೆ ಕಟ್ಟಬೇಕೆಂದು ನಿರ್ಣಯಿಸಿತು. ಮೂಲೆಗಳಲ್ಲಿ ಅಂಚು ಕಡಿದು ಇಳಿಜಾರು ಮಾಡಲಾಯಿತು. ಇಂಥದ್ದು ಜಗತ್ತಿನಲ್ಲೇ ಮೊದಲು ಅಂತೇನಲ್ಲ. ಕಲಮಜೂ ಎಂಬ ಊರಿನಲ್ಲಿ ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗಾಗಿ 1940ರ ದಶಕದಲ್ಲೇ ಮಾಡಿದ್ದರು. ಆದರೆ ಬರ್ಕ್ಲಿಯಲ್ಲಿ ಕೇಳಿ ಪಡೆದವರು ವಿದ್ಯಾರ್ಥಿಗಳು. ಇಳಿಜಾರು ಬಂದ ಮೇಲೆ ಮಗುವಿನ ತಳ್ಳುಗಾಡಿಯವರು, ಸಾಮಾನಿನ ಗಾಡಿಯವರು, ಸೂಟ್‌ಕೇಸ್ ಎಳೆಯುವವರು ಎಲ್ಲರೂ ಅದರಲ್ಲೇ ಹೋಗತೊಡಗಿದರು.

1975ರಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ರಾಬರ್ಟ್ಸ್ ಅವರನ್ನು ಒಂದು ಇಲಾಖೆಯ ನಿರ್ದೇಶಕರನ್ನಾಗಿ ನೇಮಿಸಿದರು. ಯಾವುದು ಗೊತ್ತೇ? ದುಡಿಯಲಾರರು ಎಂದು ಬರೆದಿದ್ದ ಅದೇ ಇಲಾಖೆ. ಅವರ ಬದುಕಿನಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು.

1995ರ ಮಾರ್ಚಿನಲ್ಲಿ, 56ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಗಾಲಿಕುರ್ಚಿ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನಲ್ಲಿದೆ. ಅದೇ ವರ್ಷದ ಕೊನೆಗೆ ನಮ್ಮ ಸಂಸತ್ತೂ ಅಂಗವಿಕಲರ ಕಾಯ್ದೆಯನ್ನು ಒಪ್ಪಿತು. ಗಾಲಿಕುರ್ಚಿಗಾಗಿ ಫುಟ್‌ಪಾತಿಗೆ ಇಳಿಜಾರು ಮಾಡಬೇಕೆಂದು ಅದರಲ್ಲಿತ್ತು. ಆರ್ಥಿಕ ಶಕ್ತಿ ಇದ್ದಷ್ಟು ಎಂಬ ಬಾಲವೂ ಇತ್ತು. 2016ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂತು. ಖಾಲಾಗೆ ಇದನ್ನೆಲ್ಲ ಹೇಳಿದಾಗ ಅವರು ಕೇಳಿದ್ದು ಒಂದೇ: ವಾರ್ಡ್ ಕಚೇರಿಗೆ ಅರ್ಜಿ ಬರೆಯಲು ಸೆಕ್ಷನ್ ನಂಬರ್ ಎಷ್ಟು ಎಂದು.